ದೀಪ ಹಚ್ಚುವ ಹೊತ್ತಿನ ಹೇಳಿಕೆ

ಸಾಯುವ ಹಿಂದಿನ ಸಂಜೆ ಆರೂವರೆಗೆ ಹುಸೇನಬಿ ಚಾಚಿ ಆರಾಮವಾಗಿದ್ದರು. ಕಡತದಲ್ಲಿ ಹಾಗೇ ಇದೆ. ಮರುದಿನ ಹನ್ನೊಂದರ ಸುಮಾರಿಗೆ ಮೆಣಸಿನಕಾಯಿ ರಾಶಿಯ ಮುಂದೆ ಕೂತವರು, ತೊಟ್ಟು ಬಿಡಿಸಿದ ಕಾಯಿ ಇನ್ನೂ ಕೈಯಲ್ಲಿರುವಾಗಲೇ ಪಕ್ಕಕ್ಕೆ ವಾಲಿದರು. ಪಕ್ಕದಲ್ಲಿದ್ದವರು ನಮ್ಮತ್ತೆ ಈರವ್ವ. ಇಪ್ಪತ್ತೆಂಟು ವರ್ಷ ಒಂದೇ ತಾಡಪತ್ರಿಯ ಹಾಸಿನ ಮೇಲೆ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತವರು ಇಬ್ಬರೂ. ತೂಕಡಿಕೆ ಬಂತೇನೋ ಅಂದುಕೊಂಡು ಅತ್ತೆ ಮೊದಲು ಮೊಣಕೈಯಿಂದ ತಿವಿದರಂತೆ.

ಕಡತದ ಹಾಳೆಯನ್ನು ಚಾಚಿಯ ಮನೆಗೆ ಒಯ್ದು ಓದಿದವಳು ನಾನು. ಯಾರಾದರೂ ತೀರಿಕೊಂಡರೆ ಅವರ ಕಡತದ ಕೊನೆಯ ಮೂವತ್ತು ದಿನಗಳನ್ನು ಮನೆಯವರಿಗೆ ಓದಿ ಹೇಳುವುದು ನಮ್ಮ ಆರೋಗ್ಯ ಕಡತ ಕೇಂದ್ರದ ಕ್ರಮ. ಓದಲು ಹೆಚ್ಚೇನಿರಲಿಲ್ಲ. ಒಂದು ತಾರೀಖು, ಅದರ ಮುಂದೆ 'ಆರಾಮ'. ಮತ್ತೊಂದು ತಾರೀಖು, ಮತ್ತೆ 'ಆರಾಮ'. ಹೀಗೆ ಮೂವತ್ತು ಸಲ. ಚಾಚಿಯ ಮಗ ಗೋಡೆಗೆ ಆತು ನಿಂತು ತಲೆ ತಗ್ಗಿಸಿ ಕೇಳಿಸಿಕೊಂಡ. ಹೊಸ್ತಿಲಲ್ಲಿ ಕೂತಿದ್ದ ನಮ್ಮತ್ತೆ ಮಾತ್ರ ತಲೆಯೆತ್ತಿದರು.

"ಅಕಿ ಆರಾಮ ಇದ್ಲು ಅಂತ ಯಾರ ಬರದಾರ ಅದನ್ನ?"

"ಯಾರೂ ಬರದಿಲ್ಲ ಅತ್ತಿ. ಚಾಚಿನ ಹೇಳ್ಯಾರ."

ಅತ್ತೆ ನನ್ನನ್ನೇ ನೋಡಿದರು. ಆ ನೋಟದಲ್ಲಿದ್ದ ಸಿಟ್ಟು ಯಾರ ಮೇಲಿನದು ಅಂತ ಅವತ್ತು ನನಗೆ ತಿಳಿಯಲಿಲ್ಲ.

ನಮ್ಮ ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಅಂತ ಎಲ್ಲೆಲ್ಲಿಂದಲೋ ಕೊಳ್ಳಲು ಬರುತ್ತಾರೆ. ಖಾರ ಕಡಿಮೆ ಇರುವುದು ತಿನ್ನುವವರಿಗೆ. ದಿನಕ್ಕೆ ಹತ್ತು ತಾಸು ರಾಶಿಯ ಮುಂದೆ ಕೂತು ಒಂದೊಂದೇ ಕಾಯಿಯ ತೊಟ್ಟು ಮುರಿಯುವ ಹೆಂಗಸರ ಎದೆಯನ್ನು ಯಾರೂ ಕೇಳಿಲ್ಲ. ಮುರಿದಾಗಲೆಲ್ಲ ಕಣ್ಣಿಗೆ ಕಾಣದ ಧೂಳು ಏಳುತ್ತದೆ. ಮೊದಲ ವರ್ಷ ಸೀನು, ಐದನೆಯ ವರ್ಷ ಕೆಮ್ಮು, ಹದಿನೈದನೆಯ ವರ್ಷಕ್ಕೆ ಮೆಟ್ಟಿಲು ಕಂಡರೆ ಭಯ. ಮೂಗಿಗೆ ಸೆರಗು ಕಟ್ಟಿಕೊಂಡರಾಯಿತು ಅನ್ನುವ ಬುದ್ಧಿವಂತರು ಒಂದು ದಿನ ಬಂದು ಕೂರಲಿ, ಸೆರಗು ನಾನೇ ಕೊಡುತ್ತೇನೆ.

ನಾನು ಓದಿದ್ದು ಹತ್ತನೇ ಇಯತ್ತೆ. ಮೊಬೈಲ್ ಬಿಚ್ಚಿ ಕೂಡಿಸುವುದನ್ನು ಅಣ್ಣನ ಅಂಗಡಿಯಲ್ಲಿ ನೋಡಿ ಕಲಿತೆ. ಅಲ್ಲಿಂದ ಮೈಕು, ಮೈಕಿನಿಂದ ದನಿಯನ್ನು ಅಂಕಿ ಮಾಡುವ ವಿದ್ಯೆ. ಐದು ವರ್ಷದ ಹಿಂದೆ ಕಡತ ಕೇಂದ್ರ ಜಿಲ್ಲೆಗೆ ಬಂದಾಗ ಮನೆಮನೆಗೆ ಪೆಟ್ಟಿಗೆ ಕೂರಿಸುವ ಕೆಲಸಕ್ಕೆ ಸೇರಿದೆ. ಕೆಲವೇ ವಾರಗಳಲ್ಲಿ ನಿಯಂತ್ರಣ ಕೋಣೆಯ ಕುರ್ಚಿಗೆ ಬಂದೆ.

ಆ ಪೆಟ್ಟಿಗೆ ಅಂಗೈಯಗಲದ್ದು, ಬಿಳಿ ಬಣ್ಣದ್ದು. ದಿನಕ್ಕೊಮ್ಮೆ ಮನೆಯ ಒಬ್ಬೊಬ್ಬರನ್ನೂ ಹೆಸರು ಹಿಡಿದು, ಹೆಣ್ಣು ದನಿಯಲ್ಲಿ, "ಇವತ್ತು ಹೇಗಿದ್ದೀರಿ?" ಅಂತ ಕೇಳುತ್ತದೆ. ಹೇಳಿದ್ದನ್ನು ಬರೆದುಕೊಳ್ಳುತ್ತದೆ. ಮಾತಿನ ನಡುವೆ ಉಸಿರು ಎಷ್ಟು ಸಲ ತುಂಡಾಯಿತು, ದನಿ ಎಷ್ಟು ನಡುಗಿತು ಅಂತಲೂ ಅಳೆಯುತ್ತದೆ. ಹೀಗೆ ಪ್ರತಿಯೊಬ್ಬರ ಕಡತದಲ್ಲೂ ಎರಡು ಸಾಲು: ಹೇಳಿಕೆ, ಅಳತೆ. ಎರಡೂ ಒಂದಕ್ಕೊಂದು ಹೊಂದದಿದ್ದರೆ ಹೇಳಿಕೆಯದೇ ಗೆಲುವು. ಅಳತೆ ಮೂವತ್ತು ದಿನಕ್ಕೆ ಅಳಿಸಿಹೋಗುತ್ತದೆ.

ಈ ನಿಯಮ ಮಾಡಿದವರು ನಮ್ಮ ಕೇಂದ್ರದ ಮುಖ್ಯಸ್ಥೆ ಡಾಕ್ಟರ್ ವತ್ಸಲಾ ಹೆರಕಲ್. ಅವರ ತಾಯಿ ಹೊಟ್ಟೆನೋವು ಅಂತ ಹನ್ನೆರಡು ವರ್ಷ ಹೇಳಿದರಂತೆ. ಪರೀಕ್ಷೆಯಲ್ಲಿ ಏನೂ ಕಾಣುವುದಿಲ್ಲ, ಮನಸ್ಸಿಗೆ ಹಚ್ಚಿಕೊಂಡಿದ್ದೀರಿ ಅಂತ ಹನ್ನೆರಡು ವರ್ಷವೂ ವಾಪಸು ಕಳಿಸಿದರಂತೆ. ಯಂತ್ರಕ್ಕಿಂತ ಮನುಷ್ಯರ ಮಾತು ಮೇಲು ಅನ್ನುವ ನಿಯಮ ಹುಟ್ಟಿದ್ದು ಆ ತಾಯಿಯ ಚಿತೆಯ ಮುಂದೆ. ತರಬೇತಿಯಲ್ಲಿ ಅವರು ಇದನ್ನು ಹೇಳಿದಾಗ ನಾನು ಅತ್ತಿದ್ದೆ. ಈಗಲೂ ಅದು ಒಳ್ಳೆಯ ನಿಯಮ ಅಂತಲೇ ನಂಬಿದ್ದೇನೆ. ಸಿಟ್ಟು ಹೆಚ್ಚಾಗುವುದೂ ಅದಕ್ಕೇ.

ಖೊಟ್ಟಿ ಸರ್ಟಿಫಿಕೇಟುಗಳ ಹಾವಳಿ ತಪ್ಪಿಸಲು ಕಾಗದದ ಚೀಟಿಗಳನ್ನೆಲ್ಲ ನಿಲ್ಲಿಸಿದ್ದರು. ಇನ್ನು ಮುಂದೆ ನಿಮ್ಮ ಕಾಯಿಲೆಗೆ ಸಾಕ್ಷಿ ನಿಮ್ಮ ಬಾಯಿ ಒಂದೇ. ಮನೆಯವರ ಕಡತವನ್ನು ಮನೆಯವರೂ ತೆರೆದು ನೋಡುವಂತಿಲ್ಲ, ಅರ್ಜಿ ಹಾಕಿದಾಗ ಮಾತ್ರ ತೆರೆಯುತ್ತದೆ.

ನಮ್ಮ ಓಣಿಯ ಹೆಂಗಸರು ಪೆಟ್ಟಿಗೆಗೆ ಬೀಗತಿ ಅಂತ ಹೆಸರಿಟ್ಟರು. ತಪ್ಪದೆ ಬರುತ್ತಾಳೆ, ನಾಜೂಕಾಗಿ ಕ್ಷೇಮ ವಿಚಾರಿಸುತ್ತಾಳೆ, ಒಂದು ಗುಟುಕು ಚಹಾ ಕುಡಿಯುವುದಿಲ್ಲ ಅಂತ ನಗುತ್ತಿದ್ದರು. ನಾನೂ ನಕ್ಕಿದ್ದೆ. ಬೀಗತಿಯ ಮುಂದೆ ಯಾವ ಹೆಂಗಸು ತನ್ನ ಮನೆಯ ಹುಳುಕು ಬಿಚ್ಚುತ್ತಾಳೆ ಅಂತ ಯೋಚಿಸಲಿಲ್ಲ.

ಕಡತದ ಲೆಕ್ಕ ಶುರುವಾಗುವ ಮುಂಚಿನ ಪ್ರಯೋಗದ ದಿನಗಳಲ್ಲಿ ಪೆಟ್ಟಿಗೆ ಬೆಳಿಗ್ಗೆ ಎಂಟಕ್ಕೆ ಕೇಳುತ್ತಿತ್ತು. ಆ ಹೊತ್ತಿಗೆ ಯಾರು ಮನೆಯಲ್ಲಿರುತ್ತಾರೆ? ನೂರಕ್ಕೆ ನಲವತ್ತು ಜನ ಉತ್ತರಿಸಿದರೆ ಹೆಚ್ಚು. ಸಂಜೆ ಆರೂವರೆಗೆ ಎಲ್ಲರೂ ಮನೆ ಸೇರಿರುತ್ತಾರೆ, ಕೈಕಾಲು ತೊಳೆದು ಕೂತಿರುತ್ತಾರೆ ಅಂತ ನಾನು ಸೂಚಿಸಿದೆ. ವೇಳೆ ಬದಲಿಸಿದ ವಾರದಲ್ಲೇ ನೂರಕ್ಕೆ ತೊಂಬತ್ತಾರು. ಡಾಕ್ಟರ್ ಹೆರಕಲ್ ಎಲ್ಲರೆದುರು ನನಗೊಂದು ಪ್ರಮಾಣಪತ್ರ ಕೊಟ್ಟರು. ಚೌಕಟ್ಟು ಹಾಕಿಸಿ ನಮ್ಮ ಮನೆಯ ಪೆಟ್ಟಿಗೆಯ ಪಕ್ಕಕ್ಕೇ ತೂಗುಹಾಕಿದೆ.

ಚಾಚಿ ಹೋಗಿ ಒಂದು ತಿಂಗಳಿಗೆ ಹೊಸ ಚಿಕಿತ್ಸೆಯ ಸುದ್ದಿ ಬಂತು. ಮೂಗಿನ ಒಳಗಿಂದ ಒಂದಿಷ್ಟು ಜೀವಕೋಶ ತೆಗೆದು, ಬೆಳೆಸಿ, ಮಂಜಿನಂತೆ ಮಾಡಿ ರೋಗಿಯ ಉಸಿರಿನೊಂದಿಗೆ ಒಳಗೆ ಕಳಿಸುತ್ತಾರೆ. ಅವು ಶ್ವಾಸಕೋಶದ ಒಳಗೋಡೆಗೆ ಹೊಸ ಪದರವಾಗಿ ಅಂಟುತ್ತವೆ. 'ಒಳಗ ಸುಣ್ಣಾ ಹಚ್ಚೂದು' ಅಂದರು ನಮ್ಮವರು. ಆದರೆ ಗೋಡೆಯೇ ಬಿದ್ದುಹೋದಮೇಲೆ ಸುಣ್ಣ ಯಾವುದಕ್ಕೆ? ಉಸಿರಿನ ಬಲ ನೂರರಲ್ಲಿ ಮೂವತ್ತೈದು ಪಾಲಾದರೂ ಉಳಿದಿರಬೇಕು. ಅತ್ತೆಯನ್ನು ಜಿಲ್ಲಾ ಕೇಂದ್ರಕ್ಕೆ ಕರೆದೊಯ್ದು ಊದಿಸಿ ನೋಡಿದಾಗ ಮೂವತ್ತಾರು ಬಂತು. ಚಿಕಿತ್ಸೆಗೆ ಆಯ್ಕೆಯಾದವರ ಮುಂದಿನ ಪಟ್ಟಿ ಬರುವುದು ಒಂದು ವರ್ಷಕ್ಕೆ, ಅಷ್ಟರಲ್ಲಿ ಆ ಮೇಲಿನ ಒಂದು ಪಾಲು ಉಳಿದಿರುವುದಿಲ್ಲ. ಅಂದರೆ ಅತ್ತೆಗೆ ಇದೇ ಮೊದಲ ಪಟ್ಟಿ, ಇದೇ ಕೊನೆಯದು.

ಜಿಲ್ಲೆಗೆ ಅರವತ್ತು ಜಾಗ. ಐದು ವರ್ಷ, ವರ್ಷಕ್ಕೆ ಕಡಿಮೆಯೆಂದರೂ ಅರವತ್ತು ದಿನ ಉಸಿರಾಟದ ದೂರು ಕಡತದಲ್ಲಿರಬೇಕು ಅನ್ನುವುದು ನಿಯಮ. ಆರೂವರೆಗೆ ನಾನು ದಿನವೂ ನಿಯಂತ್ರಣ ಕೋಣೆಯಲ್ಲೇ ಇರುತ್ತಿದ್ದೆ, ಅತ್ತೆ ಪೆಟ್ಟಿಗೆಗೆ ಏನು ಹೇಳುತ್ತಾರೆ ಅಂತ ಕೇಳಿದವಳಲ್ಲ. ಆದರೂ ನನಗೆ ಚಿಂತೆಯೇ ಇರಲಿಲ್ಲ. ನಮ್ಮತ್ತೆಯ ಉಬ್ಬಸ ಓಣಿಯ ತುದಿಗೆ ಕೇಳುತ್ತದೆ.

ಅರ್ಜಿ ಹಾಕಿದೆವು, ಸೋಮವಾರ ನನ್ನ ಕೋಣೆಯ ಪರದೆಯ ಮೇಲೇ ಅವರ ಕಡತ ತೆರೆಯಿತು. ಸಾವಿರದ ಎಂಟುನೂರ ಇಪ್ಪತ್ತಾರು ದಿನ. ಸಾವಿರದ ಎಂಟುನೂರ ಇಪ್ಪತ್ತಾರು 'ಆರಾಮ'. ಕೆಳಗೆ ಕೆಂಪಕ್ಷರದಲ್ಲಿ: ದೂರು ಇಲ್ಲ, ಅರ್ಜಿ ತಿರಸ್ಕೃತ. ಆಕ್ಷೇಪಣೆ ಇದ್ದರೆ ಶುಕ್ರವಾರ ಸಂಜೆ ಐದರೊಳಗೆ.

ಮನೆಗೆ ಬಂದವಳು ಚಪ್ಪಲಿ ಕಳೆಯುವ ಮೊದಲೇ ಜಗಳಕ್ಕೆ ನಿಂತೆ. ಬಾಯಿಗೆ ಬಂದದ್ದೆಲ್ಲ ಅಂದೆ. ನಿಮ್ಮ ಉಬ್ಬಸಕ್ಕೆ ಓಣಿಯೇ ಎದ್ದು ಕೂರುತ್ತದೆ, ಪೆಟ್ಟಿಗೆಗೆ ಮಾತ್ರ ಆರಾಮ ಅಂತೀರಾ, ಅದೇನು ಮರ್ಯಾದೆ, ಅದೇನು ಜಂಬ ಅಂತ. ನನ್ನ ಗಂಡ ನಡುವೆ ಬಂದು ಸುಮ್ಮನಿರು ಅಂದ, ಅವನಿಗೂ ಎರಡು ಬಿತ್ತು. ಅತ್ತೆ ಎಲ್ಲ ಕೇಳಿಸಿಕೊಂಡರು. ಕೊನೆಗೆ ನನ್ನನ್ನು ಹುಚ್ಚಿಯನ್ನು ನೋಡುವಂತೆ ನೋಡಿ ಅಂದರು:

"ಅಲ್ಲಬೇ, ಅದು ಕೇಳೂದು ಯಾವ ಹೊತ್ತಿಗೆ? ದೀಪಾ ಹಚ್ಚೂ ಹೊತ್ತಿಗೆ. ಆವಾಗ ಬ್ಯಾನಿ, ಸಂಕಟ ಅಂತ ಬಾಯಾಗ ಅಂದ್ರ ಅಸ್ತು ಅನ್ನಾಕಿ ಅಸ್ತು ಅಂದಬಿಡ್ತಾಳ. ನಿಮ್ಮವ್ವ ಇಷ್ಟೂ ಕಲಿಸಿಲ್ಲೇನ?"

ಕಲಿಸಿದ್ದಳು. ನಮ್ಮವ್ವ, ಅವರವ್ವ, ಎಲ್ಲರ ಅವ್ವಂದಿರೂ ಕಲಿಸಿದ್ದರು. ಮುಸ್ಸಂಜೆಗೆ ಅಸ್ತು ದೇವತೆ ಮನೆಗಳ ಮೇಲೆ ತಿರುಗುತ್ತಾಳೆ, ಆ ಹೊತ್ತಿಗೆ ಆಡಿದ್ದಕ್ಕೆಲ್ಲ ಹಾಗೇ ಆಗಲಿ ಅನ್ನುತ್ತಾಳೆ. ಚಿಕ್ಕವಳಿದ್ದಾಗ ದೀಪದ ಮುಂದೆ 'ತಲೆ ಸಿಡೀತದ' ಅಂದಿದ್ದಕ್ಕೆ ಅಜ್ಜಿ ನನ್ನ ಬಾಯಿಯ ಮೇಲೇ ಹೊಡೆದಿದ್ದಳು. ಹುಸೇನಬಿ ಚಾಚಿ ಬೇರೆ ದೇವರಿಗೆ ಕೈಯೆತ್ತಿದವರು, ಆದರೂ ಹೊತ್ತು ಮುಳುಗುವಾಗ ಕೆಟ್ಟ ಮಾತು ಅವರ ಮನೆಯಲ್ಲೂ ಕೂಡದು. ಒಂದೇ ಓಣಿ, ಒಂದೇ ಸಂಜೆ.

ಎಲ್ಲವೂ ಗೊತ್ತಿದ್ದೂ ಇಡೀ ಜಿಲ್ಲೆಯನ್ನು ದೀಪ ಹಚ್ಚುವ ಹೊತ್ತಿಗೆ 'ಹೇಗಿದ್ದೀರಿ' ಅಂತ ಕೇಳಿದವಳು ನಾನು. ಬೇರೆ ದೇಶದವರು ಮಾಡಿದ್ದರೆ ಪಾಪ, ಗೊತ್ತಿರಲಿಲ್ಲ ಅನ್ನಬಹುದಿತ್ತು. ಸ್ಟೂಲು ಹಾಕಿಕೊಂಡು ಪ್ರಮಾಣಪತ್ರ ಇಳಿಸಿದೆ. ಗೋಡೆಯಲ್ಲಿ ಮೊಳೆ ಉಳಿಯಿತು.

ಮಂಗಳವಾರ ಬೆಳಿಗ್ಗೆ ಡಾಕ್ಟರ್ ಹೆರಕಲ್ ಅವರ ಕೋಣೆಗೆ ಹೋದೆ. ಹಳೆಯ ಅಳತೆಗಳು ಅಳಿಸಿಹೋಗಿದ್ದರೂ ದನಿ ಉಳಿದಿತ್ತು. ಮಾತಾಡಿದವರು ಅವರೇ ಹೌದೋ ಅಂತ ಗುರುತು ಹಿಡಿಯಲು ಪೆಟ್ಟಿಗೆ ಪ್ರತಿದಿನದ ಉತ್ತರದ ಮೊದಲ ಐದು ಸೆಕೆಂಡಿನ ದನಿಯನ್ನು ಉಳಿಸಿಕೊಳ್ಳುತ್ತದೆ. ಅತ್ತೆಯ ಒಪ್ಪಿಗೆ ಪಡೆದು, ತಿಂಗಳಿಗೊಂದರಂತೆ ಅರವತ್ತು ದನಿಗಳನ್ನು ಸಾಲಾಗಿ ಜೋಡಿಸಿದ್ದೆ. ಡಾಕ್ಟರ್‌ಗೆ ಏನೂ ವಿವರಿಸದೆ ಬಟನ್ ಒತ್ತಿದೆ.

ಮೊದಲ ತಿಂಗಳು: "ಆರಾಮ ಅದೀನವ್ವ, ನೀ ಹ್ಯಾಂಗದಿ, ಊಟಾ ಆತ?" ಎಲ್ಲವೂ ಒಂದೇ ಉಸಿರಿನಲ್ಲಿ. ಪೆಟ್ಟಿಗೆಗೆ ಊಟದ ವಿಚಾರ ಕೇಳುತ್ತಿದ್ದಾರೆ ನಮ್ಮತ್ತೆ. ಎರಡನೆಯ ವರ್ಷದ ಹೊತ್ತಿಗೆ ಊಟ ಬಿಟ್ಟುಹೋಯಿತು. ಮೂರನೆಯ ವರ್ಷ 'ನೀ ಹ್ಯಾಂಗದಿ' ಬಿಟ್ಟುಹೋಯಿತು. ಆಮೇಲೆ 'ಅವ್ವ' ಹೋಯಿತು. ನಾಲ್ಕನೆಯ ವರ್ಷ 'ಆರಾಮ' ಅಂದು, ಒಂದು ಉಸಿರು ಎಳೆದು, 'ಅದೀನಿ' ಅನ್ನುತ್ತಿದ್ದರು. ಕೊನೆಯ ತಿಂಗಳ ದನಿಯಲ್ಲಿ ಐದು ಸೆಕೆಂಡಿನ ಪೈಕಿ ನಾಲ್ಕು ಬರೀ ಉಬ್ಬಸ. ಐದನೆಯದರಲ್ಲಿ ಒಂದೇ ಶಬ್ದ.

ಡಾಕ್ಟರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ನಮ್ಮ ತಾಯಿ ಹೇಳಿದರೂ ಯಾರೂ ಬರೆದುಕೊಳ್ಳಲಿಲ್ಲ, ನಿಮ್ಮತ್ತೆ ಹೇಳಲೇ ಇಲ್ಲ, ಹೇಳಿದ್ದನ್ನು ಮೀರಿ ಯಂತ್ರವನ್ನು ನಂಬು ಅಂತ ನಾನೇ ಹೇಗೆ ಬರೆಯಲಿ ಅಂದರು.

"ಮೇಡಂ, ಒಂದ ಮಾತ ಕೇಳ್ತೀನಿ. ನಿಮ್ಮ ತಾಯಿಯವರು ದೀಪಾ ಹಚ್ಚೂ ಹೊತ್ತಿನ್ಯಾಗ ಹೊಟ್ಟಿನೋವು ಅಂತ ಎಂದಾದ್ರೂ ಅಂದಿದ್ರೇನ್ರಿ?"

ಅವರು ಕನ್ನಡಕ ಮತ್ತೆ ಕೈಗೆತ್ತಿಕೊಂಡು ಸೆರಗಿನಿಂದ ಒರೆಸತೊಡಗಿದರು. ಗದಗಿನ ಕಡೆಯ ಮನೆತನ ಅವರದು. ಅವರ ಬಾಯಿಯ ಮೇಲೂ ಯಾವಳೋ ಒಬ್ಬ ಅಜ್ಜಿ ಹೊಡೆದಿರಬೇಕು.

ನಿಯಮ ಬದಲಿಸಲು ಸಮಿತಿ ಸೇರಬೇಕು, ಸಮಿತಿ ಸೇರಲು ಮೂರು ತಿಂಗಳು. ಆದರೆ ಒಂಬತ್ತನೆಯ ಕಲಮು ಇತ್ತು: ಯಾರು ಬೇಕಾದರೂ ತಮ್ಮ ಹಿಂದಿನ ಹೇಳಿಕೆಯನ್ನು ತಿದ್ದಬಹುದು. ಸ್ವಂತ ದನಿಯಲ್ಲಿ, ಒಂದೊಂದೇ ದಿನದ್ದು, ತಾರೀಖು ಹೇಳಿ. ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ. ವರ್ಷಕ್ಕೆ ಅರವತ್ತರಂತೆ ಐದು ವರ್ಷಕ್ಕೆ ಮುನ್ನೂರು. ಉಸಿರಿಲ್ಲದ ಹೆಂಗಸು ತನಗೆ ಉಸಿರಿಲ್ಲ ಅಂತ ಮುನ್ನೂರು ಸಲ ಉಸಿರು ಖರ್ಚು ಮಾಡಿ ಹೇಳಬೇಕು. ಇದನ್ನು ಹೇಳುವಾಗ ಡಾಕ್ಟರ್ ನನ್ನ ಮುಖ ನೋಡಲಿಲ್ಲ.

ತಾರೀಖುಗಳನ್ನು ಎಲ್ಲಿಂದ ತರುವುದು? ಮನೆಗೆ ಬಂದು ತಲೆ ಮೇಲೆ ಕೈ ಹೊತ್ತು ಕೂತೆ. ಅತ್ತೆ ಅಡಿಗೆಮನೆಗೆ ಹೋಗಿ ಗೋಡೆಯ ಮಾಡದಲ್ಲಿದ್ದ ಡಬ್ಬಿಗಳನ್ನು ಒಂದೊಂದಾಗಿ ಕೆಳಗಿಳಿಸತೊಡಗಿದರು. ಜೋಳದ ಹಿಟ್ಟು, ಶೇಂಗಾ, ಸಕ್ಕರೆ. ಡಬ್ಬಿಗಳ ಅಡಿಗೆ ಹಾಸಿದ್ದ ಹಳೆಯ ಕ್ಯಾಲೆಂಡರಿನ ಹಾಳೆಗಳನ್ನು ಎಳೆದು ನನ್ನ ಮುಂದೆ ಹಾಕಿದರು. ಐದು ವರ್ಷದ್ದೂ ಇದ್ದವು, ಎಣ್ಣೆಯ ಕಲೆ, ಹಿಟ್ಟಿನ ಧೂಳು ಸಮೇತ. ಕೆಲವು ಅಂಕಿಗಳ ಮೇಲೆ ಬೆರಳ ತುದಿಯಿಂದ ಒತ್ತಿದ ಅರಿಸಿನದ ಬೊಟ್ಟು.

ಅದನ್ನು ನಾನು ಐದು ವರ್ಷವೂ ನೋಡಿದ್ದೆ. ವ್ರತದ ದಿನವೋ, ಹಾಲಿನವನು ಬಾರದ ದಿನವೋ ಇರಬೇಕು ಅಂದುಕೊಂಡಿದ್ದೆ. ಉಸಿರು ಸಿಕ್ಕಿಹಾಕಿಕೊಂಡ ದಿನಗಳು ಅವು. ಎಂದಾದರೂ ಒಬ್ಬ ಡಾಕ್ಟರು ಸಮಾಧಾನದಿಂದ ಎಷ್ಟು ದಿನದಿಂದ ಹೀಗೆ ಅಂತ ಕೇಳಿ, ಉತ್ತರ ಬರುವ ತನಕ ಕಾದರೆ ತೋರಿಸಲು ಬೇಕಲ್ಲ ಅಂತ ಇಟ್ಟದ್ದಂತೆ. ಅಂಥ ಡಾಕ್ಟರು ಸಿಗಲಿಲ್ಲ, ಹಾಳೆಗಳು ಡಬ್ಬಿಗಳ ಅಡಿಗೆ ಹೋದವು.

"ಪೆಟ್ಟಿಗಿಗೆ ಹೇಳಾಕ ಆಗೂದಿಲ್ಲ, ಕ್ಯಾಲೆಂಡರಿಗೆ ಹಚ್ಚಾಕ ಆಗ್ತೈತೇನ್ರಿ?" ಅಂದೆ.

"ಅಸ್ತು ಅನ್ನಾಕಿ ಕೇಳಸ್ಕೋತಾಳ," ಅಂದರು ಅತ್ತೆ. "ಓದೂದಿಲ್ಲ."

ಎಷ್ಟೋ ಅಂಕಿಗಳ ಮೇಲೆ ಅರಿಸಿನದ ಪಕ್ಕದಲ್ಲಿ ಕಾಡಿಗೆಯ ಬೊಟ್ಟೂ ಇತ್ತು. ಅದು ಯಾರದು ಅಂತ ಕೇಳಿದೆ. ಹುಸೇನಬೀದು ಅಂದು ಹಾಳೆಗಳನ್ನು ತಿಂಗಳುವಾರು ಜೋಡಿಸತೊಡಗಿದರು. ರಾಶಿಯ ಮುಂದೆ ಕೂತಾಗ ಚಾಚಿ ಅವರೊಬ್ಬರಿಗೇ ಹೇಳುತ್ತಿದ್ದರಂತೆ. ಕಳೆದ ವರ್ಷದ ಹಾಳೆಗಳಲ್ಲಿ ಕಾಡಿಗೆಯೇ ಹೆಚ್ಚು.

ಬುಧವಾರ ಒಂಬತ್ತಕ್ಕೆ ಶುರುವಾಯಿತು. ಅತ್ತೆಗೆ ಅಕ್ಷರ ಬಾರದು, ಅಂಕಿ ಬರುತ್ತದೆ. ನಾನು ಹಾಳೆ ಹಿಡಿದು ಬೆರಳಿಟ್ಟು ತೋರಿಸುವುದು, ಅವರು ಹೇಳುವುದು. ನಾನು ಪಿಸುಗುಟ್ಟಿದರೂ 'ಬೇರೆ ದನಿ' ಅಂತ ಪೆಟ್ಟಿಗೆ ತಳ್ಳಿಹಾಕುತ್ತಿತ್ತು. ಪೂರ್ತಿ ವಾಕ್ಯವೇ ಆಗಬೇಕು: ಇಂಥ ತಿಂಗಳು, ಇಂಥ ತಾರೀಖು, ಆರಾಮ ಅಂದದ್ದು ಸರಿಯಲ್ಲ, ನನಗೆ ಉಸಿರಾಟದ ತೊಂದರೆ ಇತ್ತು. ಅತ್ತೆ ತಾರೀಖಿನವರೆಗೆ ಬರುವರು, ನಿಲ್ಲುವರು, ಎದೆ ಏಳುವುದು ಬೀಳುವುದು. ಅಷ್ಟರಲ್ಲಿ ಬೀಗತಿ ಜೇನಿನಂಥ ದನಿಯಲ್ಲಿ, "ಹೇಳಿಕೆ ಅಪೂರ್ಣ. ದಯವಿಟ್ಟು ಮತ್ತೆ ಹೇಳಿ."

ನಾಲ್ಕು ಸೆಕೆಂಡು ಮೌನವಾದರೆ ಮಾತು ಮುಗಿಯಿತು ಅಂತ ಪೆಟ್ಟಿಗೆ ತಿಳಿಯುತ್ತದೆ. ಆ ನಾಲ್ಕನ್ನು ಯಾರು ಎಲ್ಲಿ ಕೂತು ನಿಗದಿ ಮಾಡಿದರೋ, ಅವರು ಒಂದು ಸಲವೂ ಉಸಿರಿಗಾಗಿ ಕಾದವರಲ್ಲ. ಸಂಜೆ ಐದಕ್ಕೆ ಲೆಕ್ಕ ಹಾಕಿದರೆ ಒಪ್ಪಿಕೊಂಡದ್ದು ನಲವತ್ತೊಂದು, ತಳ್ಳಿಹಾಕಿದ್ದು ಅದರ ಎರಡರಷ್ಟು. ಅತ್ತೆಯ ತುಟಿ ನೀಲಿಗಟ್ಟಿತ್ತು. ಸಾಕು ಬಿಡು ಅಂದ ನನ್ನ ಗಂಡ. ಅತ್ತೆ ಕೈಯಾಡಿಸಿ ಅವನನ್ನು ಹೊರಗೆ ಕಳಿಸಿದರು.

ಗುರುವಾರ ಬೆಳಿಗ್ಗೆ ಎಂಟಕ್ಕೇ ನಿಯಂತ್ರಣ ಕೋಣೆಯಲ್ಲಿದ್ದೆ. ಗೋಡೆ ತುಂಬ ಪರದೆಗಳು, ಜಿಲ್ಲೆಯ ಒಂದೊಂದು ಊರಿಗೆ ಒಂದು ಹಸಿರು ಚುಕ್ಕೆ. ಹಸಿರು ಅಂದರೆ ಆರಾಮ. ಇಡೀ ಜಿಲ್ಲೆ ಹಸಿರಾಗಿ ಮಿನುಗುತ್ತಿತ್ತು. ಕಾಯುವ ಅವಧಿಯನ್ನು ಬದಲಿಸುವ ಕೀಲಿ ನನ್ನ ಬಳಿ ಇತ್ತು, ಅಧಿಕಾರ ಇರಲಿಲ್ಲ. ನಾಲ್ಕನ್ನು ಇಪ್ಪತ್ತು ಮಾಡಿದೆ. ಬದಲಾವಣೆಯ ಪುಸ್ತಕದಲ್ಲಿ ನನ್ನ ಪೂರ್ತಿ ಹೆಸರು ಬರೆದೆ. ಕಾರಣ ಅನ್ನುವ ಜಾಗದಲ್ಲಿ, 'ಉಸಿರಿಲ್ಲದವರಿಗೆ ಉಸಿರು ತೆಗೆದುಕೊಳ್ಳಲು' ಅಂತ ಬರೆದೆ. ರಜೆಯ ಚೀಟಿ ಮೇಜಿನ ಮೇಲಿಟ್ಟು ಬಸ್ಸು ಹತ್ತಿದೆ.

ಆ ಕೀಲಿ ಒಂದು ಮನೆಗೆ ಮಾತ್ರ ತಿರುಗುವುದಿಲ್ಲ, ಇಡೀ ಜಿಲ್ಲೆಗೇ ತಿರುಗುತ್ತದೆ. ಆ ಸಂಜೆ ಎಲ್ಲ ಮನೆಗಳಲ್ಲೂ ಪೆಟ್ಟಿಗೆ ಇಪ್ಪತ್ತು ಸೆಕೆಂಡು ಕಾಯಿತು. 'ಆರಾಮ' ಅಂದು ಸುಮ್ಮನಾದವರು, ಇನ್ನೂ ಯಾರೋ ಕೇಳುತ್ತ ಕೂತಿದ್ದಾರೆ ಅನ್ನಿಸಿ, 'ಆದ್ರ...' ಅಂತ ಮುಂದುವರಿಸಿದರಂತೆ. ಒಂದೇ ಸಂಜೆ ಆರು ಸಾವಿರ 'ಆದರೆ'ಗಳು. ಡಾಕ್ಟರ್ ಹೆರಕಲ್ ಫೋನಿನಲ್ಲಿ ಹೇಳಿದರು. ಬೈಯಲು ಮಾಡಿದ ಫೋನು ಅದು, ಬೈಗುಳ ನಡುವೆಯೇ ನಿಂತುಹೋಯಿತು. ಇಷ್ಟು ವರ್ಷ ನಾವು ಕೇಳುತ್ತಿದ್ದೆವೋ, ಬಾಯಿ ಮುಚ್ಚಿಸುತ್ತಿದ್ದೆವೋ ಅಂದು ಇಟ್ಟುಬಿಟ್ಟರು.

ಅತ್ತೆ ಗುರುವಾರ ನೂರಾ ಮೂವತ್ತೇಳು ದಿನ ತಿದ್ದಿದರು. ಶುಕ್ರವಾರ ನಾಲ್ಕು ಗಂಟೆಗೆ ಇನ್ನೂರಾ ತೊಂಬತ್ತೆಂಟು. ನಾಲ್ಕು ವರ್ಷದ ಅರವತ್ತು ತುಂಬಿದ್ದವು. ಎರಡನೆಯ ವರ್ಷದ ಹಾಳೆಗಳಲ್ಲಿ ಮಾತ್ರ ಬೊಟ್ಟು ಐವತ್ತೆಂಟೇ ಇದ್ದವು. ಎಣಿಸಿದೆ, ಮತ್ತೆ ಎಣಿಸಿದೆ. ಹಾಳೆ ತಿರುವಿ ಹಾಕಿದೆ. ಐವತ್ತೆಂಟೇ.

ಯಾವುದಾದರೂ ಎರಡು ತಾರೀಖು ಹೇಳಿಬಿಡಿ ಅಂದೆ. ಅತ್ತೆ ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡಿದ್ದರು.

"ಸುಳ್ಳ ಹೇಳಿ ಹೇಳಿನ ಇಲ್ಲೀತನಾ ಬಂದೀವಿ," ಅಂದರು. ಆಮೇಲೆ ಕಣ್ಣು ತೆರೆದು, "ನೀ ಹಡದ ದಿವಸಾ ಯಾವುದು?"

ಹೇಳಿದೆ. ಮಗಳು ಹುಟ್ಟಿದಾಗ ಅತ್ತೆ ಎರಡು ದಿನ ಆಸ್ಪತ್ರೆಯತ್ತ ಸುಳಿದಿರಲಿಲ್ಲ. ಅಮಾವಾಸ್ಯೆ, ಹೊರಗೆ ಹೊರಡಬಾರದು ಅಂತ ಹೇಳಿ ಕಳಿಸಿದ್ದರು. ಹೆಣ್ಣು ಅಂತ ಬರಲಿಲ್ಲ ಅಂದುಕೊಂಡೆ. ಮೂರೂವರೆ ವರ್ಷ ಅದನ್ನು ಎದೆಯಲ್ಲಿಟ್ಟುಕೊಂಡು, ಸಮಯ ಸಿಕ್ಕಾಗಲೆಲ್ಲ ಮಾತಿನಲ್ಲಿ ಚುಚ್ಚಿದ್ದೆ.

"ಬಂದಿದ್ದೆ," ಅಂದರು ಅತ್ತೆ. "ನೀ ಮ್ಯಾಲಿನ ಅಂತಸ್ತಿನ್ಯಾಗ ಇದ್ದಿ. ನಾಕ ಮೆಟ್ಲಾ ಹತ್ತೂದು, ಕುಂದ್ರೂದು, ಇಳಿಯೂದು. ಎರಡೂ ದಿವಸ ಕೆಳಗ ಮೆಟ್ಲದ ಮ್ಯಾಲ ಕುಂತು ಹೋದೆ. ಅಂಥಾ ದಿವಸಕ್ಕ ಬೊಟ್ಟ ಹಚ್ಚಾಕ ಮನಸ್ ಬರಲಿಲ್ಲ."

ನಾನು ಏನಾದರೂ ಅನ್ನುವ ಮೊದಲೇ ಪೆಟ್ಟಿಗೆಯತ್ತ ತಿರುಗಿ ಆ ಎರಡು ತಾರೀಖುಗಳನ್ನು ಹೇಳಿದರು. ಒಂದೊಂದಕ್ಕೂ ಎರಡೆರಡು ನಿಮಿಷ ಹಿಡಿಯಿತು. ಪೆಟ್ಟಿಗೆ ಕಾಯಿತು. ನಾಲ್ಕು ನಲವತ್ತಕ್ಕೆ, "ಮುನ್ನೂರು ತಿದ್ದುಪಡಿ ದಾಖಲಾಗಿದೆ, ಧನ್ಯವಾದ," ಅಂದಿತು.

ಅರವತ್ತರ ಪಟ್ಟಿಯಲ್ಲಿ ಅತ್ತೆಯ ಹೆಸರು ನಲವತ್ಮೂರನೆಯದು. ಮುಂದಿನ ತಿಂಗಳು ಹತ್ತಕ್ಕೆ ಬರಲು ಹೇಳಿದ್ದಾರೆ. ನನಗೂ ಒಂದು ಕಾಗದ ಬಂದಿದೆ. ಅನುಮತಿಯಿಲ್ಲದೆ ಕಾಯುವ ಅವಧಿ ಬದಲಿಸಿದ್ದಕ್ಕೆ ಅಮಾನತು. ಸೋಮವಾರವೇ ಇಪ್ಪತ್ತನ್ನು ಮತ್ತೆ ನಾಲ್ಕು ಮಾಡಿದ್ದಾರೆ. ಸಂಜೆಯ ವೇಳೆ ಬದಲಿಸಬೇಕೆಂಬ ಡಾಕ್ಟರ್ ಹೆರಕಲ್ ಅವರ ಪತ್ರ ಸಮಿತಿಯ ಮುಂದಿದೆ. ಸಮಿತಿ ಪರಿಶೀಲಿಸುತ್ತಿದೆ. ಅದು ಪರಿಶೀಲಿಸುವ ತನಕ ಜಿಲ್ಲೆಯ ಹೆಂಗಸರು ಎಲ್ಲ ಆರಾಮ.

ಅತ್ತೆಗೆ ಪಟ್ಟಿಯ ಸುದ್ದಿ ಹೇಳಿದಾಗ ಅವರು ಕೇಳಿದ್ದು ಒಂದೇ: ಕಾಡಿಗೆಯ ಬೊಟ್ಟುಗಳ ಗತಿ ಏನು? ಡಾಕ್ಟರ್‌ಗೆ ಫೋನು ಮಾಡಿ ಕೇಳಿದೆ. ಹೇಳಿಕೆಯನ್ನು ಹೇಳಿದವರೇ ತಿದ್ದಬೇಕು, ಸತ್ತವರ ಹೇಳಿಕೆ ತಿದ್ದಲು ಅವಕಾಶವಿಲ್ಲ ಅಂದರು. ಹುಸೇನಬಿ ಚಾಚಿ ಸರ್ಕಾರದ ಲೆಕ್ಕದಲ್ಲಿ ಆರಾಮವಾಗಿಯೇ ಸತ್ತರು, ಆರಾಮವಾಗಿಯೇ ಉಳಿಯುತ್ತಾರೆ. ಈ ಮಾತನ್ನು ಅತ್ತೆಗೆ ಹೇಳಿದೆ. ಅವರು ಎದ್ದು ದೇವರ ಗೂಡಿನ ಕಡೆ ಹೋದರು.

ಆರೂವರೆ ಆಯಿತು. ಪೆಟ್ಟಿಗೆಯಲ್ಲಿ ಬೆಳಕು ಮೂಡಿತು. ಬತ್ತಿ ಹೊಸೆದು ಎಣ್ಣೆ ಹಾಕಿದ್ದ ದೀಪ ಮುಂದಿತ್ತು, ಕಡ್ಡಿಪೆಟ್ಟಿಗೆ ಅತ್ತೆಯ ಕೈಯಲ್ಲಿತ್ತು. ಕಡ್ಡಿ ಗೀರಲಿಲ್ಲ. ನಾನು ನೋಡುತ್ತಿದ್ದುದನ್ನು ಕಂಡು, ದೀಪ ಹಚ್ಚಿದಾಗಲ್ಲವೇ ದೀಪ ಹಚ್ಚುವ ಹೊತ್ತು, ಇನ್ನೂ ಹಚ್ಚಿಲ್ಲ, ಅಸ್ತು ಅನ್ನುವವಳು ಹೊರಗೆ ಕಾಯಲಿ ಅಂದರು. ಕಿಟಕಿಯಿಂದ ನೋಡಿದರೆ ಎದುರು ಮನೆಯಲ್ಲೂ ದೀಪವಿಲ್ಲ. ಅದರಾಚೆಯ ಮನೆಯಲ್ಲೂ ಇಲ್ಲ. ಹಗಲು ರಾಶಿಯ ಮುಂದೆ ಕೂತಾಗ ಅತ್ತೆ ಏನು ಮಾತಾಡಿಕೊಂಡು ಬಂದಿದ್ದರೋ, ಇಡೀ ಓಣಿ ಕತ್ತಲಲ್ಲಿ ಕೂತು ತನ್ನ ತನ್ನ ಬೀಗತಿಯೊಡನೆ ಮಾತಾಡುತ್ತಿತ್ತು. ಕೆಮ್ಮು, ಸೊಂಟ, ಉರಿಯುವ ಕೈ, ಕಾಣದ ಕಣ್ಣು, ಗೋಡೆಗೋಡೆಯಿಂದ ಕೇಳುತ್ತಿತ್ತು.

"ಈರವ್ವ ಅವರೇ, ಇವತ್ತು ಹೇಗಿದ್ದೀರಿ?"

ಅತ್ತೆ ಮೊದಲ ವರ್ಷದ ಹಾಳೆಯನ್ನು ತೊಡೆಯ ಮೇಲೆ ಬಿಡಿಸಿಕೊಂಡರು. ಮೊದಲ ಕಾಡಿಗೆಯ ಬೊಟ್ಟಿನ ಮೇಲೆ ಬೆರಳಿಟ್ಟು ತಿಂಗಳು, ತಾರೀಖು ಹೇಳಿದರು. ಆ ದಿನ ಹುಸೇನಬಿಗೆ ಆರಾಮ ಇರಲಿಲ್ಲ ಅಂದರು. ನಾಲ್ಕು ಸೆಕೆಂಡು ಮೀರದಂತೆ ತುಂಡು ತುಂಡಾಗಿ ಹೇಗೆ ಹೇಳಬೇಕು ಅನ್ನುವುದನ್ನು ಅವರು ಕಲಿತುಬಿಟ್ಟಿದ್ದರು. ದಿನಕ್ಕೊಂದರಂತೆ ಹೇಳಿದರೆ ಎಲ್ಲ ಬೊಟ್ಟು ಮುಗಿಯಲು ಎರಡು ವರ್ಷವಾದರೂ ಬೇಕು. ಅಷ್ಟು ಉಸಿರಾದರೂ ಹೊಸ ಸುಣ್ಣದಿಂದ ಸಿಗಲಿ.

ಪೆಟ್ಟಿಗೆ ಸ್ವಲ್ಪ ತಡೆದು, "ಈ ಹೆಸರು ನಿಮ್ಮದಲ್ಲ," ಅಂದಿತು.

"ಹೆಸರು ಅಕೀದು," ಅಂದರು ಅತ್ತೆ, ಕಡ್ಡಿ ಗೀರುತ್ತ. "ಉಸರು ನಂದು. ಬರಕೋ."